ಬಾಲ್ಕನಿಯಲ್ಲಿ ಅಮ್ಮನಿಗೆ ಜಾಗ

ಹಬ್ಬದ ದಿನ ನಮ್ಮ ಮನೆಯ ಬಾಲ್ಕನಿ ನಮ್ಮದಾಗಿರುತ್ತಿರಲಿಲ್ಲ.

ಬಂದರಿಗೆ ಇಳಿಯುವ ಬೀದಿಯಲ್ಲಿ, ಗಡಿಯಾರದ ಗೋಪುರಕ್ಕೆ ಎದುರಾಗಿ, ಮೊದಲ ಮಹಡಿಯಲ್ಲಿದ್ದ ಮನೆ ಅದು. ವರ್ಷವಿಡೀ ಆ ಬಾಲ್ಕನಿಯಲ್ಲಿ ನಮ್ಮ ಬಟ್ಟೆ ಒಣಗುತ್ತಿತ್ತು, ಅಮ್ಮನ ಈರುಳ್ಳಿ ಹರವಿಕೊಂಡು ಬಿದ್ದಿರುತ್ತಿತ್ತು. ಊರು ನೋಡಲು ಬಂದವರು ಕೆಳಗೆ ಗುಂಪಾಗಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ಅವರ ಗೈಡು ಮಡಿಸಿದ ಕೊಡೆಯನ್ನು ಎತ್ತಿ ಹಿಡಿದು, "ಈ ಬಾಲ್ಕನಿ ನೋಡಿ, ಒಡೆದ ಹಡಗಿನ ಹಲಗೆಯಿಂದ ಮಾಡಿದ್ದು" ಎಂದು ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದ. ಅವರು ಫೋಟೋ ಹೊಡೆಯುತ್ತಿದ್ದರು.

"ನಿಮ್ಮಪ್ಪನ ಬನಿಯನ್ನು ಎಷ್ಟು ದೇಶ ಸುತ್ತಿದೆಯೋ ಏನೋ. ಅವರು ಮಾತ್ರ ಈ ಬೀದಿ ದಾಟಿಲ್ಲ" ಎಂದು ಅಮ್ಮ ನಗುತ್ತಿದ್ದಳು.

ಬಂದರಿನ ಹಬ್ಬ ಬಂತೆಂದರೆ ಬಟ್ಟೆ, ಈರುಳ್ಳಿ ಎಲ್ಲ ಒಳಗೆ. ಮೆರವಣಿಗೆ ನಮ್ಮ ಮನೆಯ ಕೆಳಗೇ ಹಾದು ದೋಣಿ ನಿಲ್ಲುವ ಜೆಟ್ಟಿಗೆ ಹೋಗುತ್ತಿದ್ದುದರಿಂದ ಅಮ್ಮ ಆ ಒಂದು ದಿನಕ್ಕೆ ಬಾಲ್ಕನಿಯನ್ನು ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಜೊತೆಗೆ ಟೀ ನಮ್ಮದು. ಕೆಳಮನೆಯಲ್ಲಿದ್ದ ಸೋದರಮಾವ ಬಡಗಿ. ಹಲಗೆ ಎಷ್ಟು ಭಾರ ತಾಳುತ್ತದೆಂದು ಅವನೇ ತಟ್ಟಿ ನೋಡಿ, ಅಷ್ಟೇ ಸ್ಟೂಲು ಮಾಡಿಕೊಟ್ಟಿದ್ದ. "ಸ್ಟೂಲಿಗೊಬ್ಬರು. ಅದರ ಮೇಲೆ ಒಂದು ಬೆಕ್ಕು ಬಂದು ಕೂತರೂ ಎಲ್ಲರೂ ಬೀದಿಗೆ" ಎಂದು ಹೆದರಿಸಿಟ್ಟಿದ್ದ.

ಹೀಗಾಗಿ ನಾನು ಕಂಡ ಹಬ್ಬವೆಂದರೆ ಬೆನ್ನುಗಳು. ಟ್ರೇ ಹಿಡಿದು ಬಾಗಿಲ ತನಕ ಹೋದರೆ ಸಾಲಾಗಿ ಬಗ್ಗಿದ ಬೆನ್ನುಗಳು, ಅವುಗಳ ಸಂದಿಯಲ್ಲಿ ಒಂದು ಬಾವುಟದ ತುದಿ, ಅಷ್ಟೇ. ಲೋಟ ಕೊಟ್ಟು ಅಡುಗೆಮನೆಗೆ ಓಡಿಬರುತ್ತಿದ್ದೆ. ಹೊಸಬರ ಎದುರು ನನಗೆ ಮಾತು ಹೊರಡುತ್ತಿರಲಿಲ್ಲ. ಶಾಲೆ ಬಿಟ್ಟಿದ್ದೂ ಅದಕ್ಕೇ ಅನ್ನಿ. ಎದ್ದು ನಿಂತು ಓದು ಅಂದರೆ ನಾಲಗೆ ಅಂಟಿಕೊಳ್ಳುತ್ತಿತ್ತು.

ಅಡುಗೆಮನೆ ಹಿಂದುಗಡೆ. ಬೀದಿಗೆ ಕಿಟಕಿಯಿಲ್ಲ. ದೀಪದ ಕೆಳಗೆ ಕತ್ತಲು ಅನ್ನುತ್ತಾರಲ್ಲ, ಹಾಗೆ. ಅಲ್ಲಿದ್ದ ನಮಗೆ ಹಬ್ಬ ಕಿವಿಗೆ ಮಾತ್ರ ಬರುತ್ತಿತ್ತು. ಮೊದಲು ದೋಣಿಗಳ ಸೀಟಿ, ಆಮೇಲೆ ಮಕ್ಕಳ ಗಲಾಟೆ, ಆಮೇಲೆ ಬಂದರು ಕೆಲಸಗಾರರ ಬ್ಯಾಂಡಿನ ತುತ್ತೂರಿ. ಎಲ್ಲಕ್ಕಿಂತ ಹಿಂದೆ ದೊಡ್ಡ ಡ್ರಮ್ಮು. ಅದು ಕಿವಿಗೆ ಬೀಳುವ ಮೊದಲೇ ಶೆಲ್ಫಿನ ಗಾಜಿನ ಲೋಟಗಳು ಗುಂಯ್‌ಗುಡಲು ಶುರುಮಾಡುತ್ತಿದ್ದವು. ಆಮೇಲೆ ಪಾತ್ರೆಗಳ ಮುಚ್ಚಳ. ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಎರಡೂ ತೋಳು ಚಾಚಿ ಲೋಟಗಳನ್ನು ಗೋಡೆಗೆ ಒತ್ತಿ ಹಿಡಿಯುತ್ತಿದ್ದಳು.

"ಬಂದ್ರು ನಿಮ್ಮಪ್ಪ" ಅನ್ನುತ್ತಿದ್ದಳು.

ಡ್ರಮ್ಮು ಹೊಡೆಯುತ್ತಿದ್ದವನು ಅಪ್ಪ. ಬಂದರಿನ ಉಗ್ರಾಣದಲ್ಲಿ ಹಗ್ಗ ಹೆಣೆಯುವ ಕೆಲಸ ಅವನದು. ಮನೆಯಲ್ಲಿ ಉಪ್ಪು ಬೇಕಾದರೂ ಕೈತೋರಿಸಿ ಕೇಳುವ ಮನುಷ್ಯ. ಬ್ಯಾಂಡಿನವರು ಅವನಿಗೆ ಇಟ್ಟಿದ್ದ ಹೆಸರು ಗುಡುಗು. ಎದೆಯ ಮೇಲಿನ ಡ್ರಮ್ಮು ಮುಂದಿನ ದಾರಿಯನ್ನೆಲ್ಲ ಮುಚ್ಚಿಬಿಡುತ್ತಿತ್ತಾದ್ದರಿಂದ ಅವನಿಗೆ ಮೆರವಣಿಗೆಯಲ್ಲಿ ಕಾಣುತ್ತಿದ್ದುದು ಮೇಲಿನ ಬಾಲ್ಕನಿಗಳು ಮಾತ್ರ. ಸಂಜೆ ಮನೆಗೆ ಬಂದವನೇ ವರ್ಷಕ್ಕೊಮ್ಮೆ ಬಾಯಿಬಿಡುತ್ತಿದ್ದ. ಔಷಧಿ ಅಂಗಡಿಯವರ ಸೊಸೆ ಮಗು ಎತ್ತಿಕೊಂಡು ನಿಂತಿದ್ದಳು, ದರ್ಜಿಯ ಹೆಂಡತಿ ಚಪ್ಪಾಳೆ ತಟ್ಟಿದಳು, ತುತ್ತೂರಿಯವನ ಅಜ್ಜಿಗೆ ಎಂಥಾ ಗಂಟಲು ಅಂತೀರಿ, ಅವನ ಹೆಸರು ಹಿಡಿದು ಕೂಗಿದರು. ನಮ್ಮ ಬಾಲ್ಕನಿಯ ಬಗ್ಗೆ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಅಮ್ಮನೂ ಗಮನಿಸಿದ್ದಳೋ ಇಲ್ಲವೋ ಗೊತ್ತಿಲ್ಲ.

ಆ ವರ್ಷ ಡಾಕ್ಟರು ಅಪ್ಪನ ಬೆನ್ನು ನೋಡಿ, ಇನ್ನು ಭಾರ ಹೊರಕೂಡದು ಎಂದುಬಿಟ್ಟರು. ಅಪ್ಪ ಇದೊಂದು ಹಬ್ಬ ಎಂದು ಅಂಗಲಾಚಿದ. ಒಪ್ಪಿದರು. ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತ, "ಈ ಸಲ ನೀನು ಆಚೆ ಬಂದು ನಿಂತ್ಕೋ" ಅಂದ.

"ಎಲ್ಲಿ?"

"ಬಾಲ್ಕನೀಲಿ."

"ಮಾತು ಕೊಟ್ಟಾಯ್ತಲ್ರೀ ಅವರಿಗೆ. ಟೀ ಯಾರು ಕೊಡ್ತಾರೆ, ನಿಮ್ಮ ಡ್ರಮ್ಮಾ?"

"ಒಂದು ನಿಮಿಷ ಕಣೇ. ಕೊನೇ ಸಲ."

"ಅಲ್ಲಿ ನಿಂತು ನಾನೇನು ಮಾಡ್ಲಿ? ಸಿನಿಮಾದವರ ಹಾಗೆ ಕೈ ಬೀಸ್ಲಾ? ಈ ವಯಸ್ಸಲ್ಲಿ?"

ಅಪ್ಪ ತಟ್ಟೆ ಸರಿಸಿದ. ಕೈ ತೊಳೆದು ಎದ್ದ. ಅಮ್ಮ ಅವನ ಬ್ಯಾಂಡಿನ ಅಂಗಿಯನ್ನು ಒಂದು ಸಲ ಇಸ್ತ್ರಿ ಮಾಡಿದ್ದನ್ನೇ ಮತ್ತೆ ಇಸ್ತ್ರಿ ಮಾಡಿದಳು. ಇಬ್ಬರೂ ಹಾಗೆಯೇ. ಬಾಯಿಗೆ ಬಂದದ್ದು ಒಂದು, ಹೊಟ್ಟೆಯೊಳಗಿದ್ದದ್ದು ಇನ್ನೊಂದು.

ಹಬ್ಬದ ದಿನ ಜನ ಬಂದು ಸ್ಟೂಲು ತುಂಬಿದರು. ಒಬ್ಬಾಕೆ ಕನ್ನಡಕದ ಹೆಂಗಸು, ನೆರೆತ ಕೂದಲನ್ನು ಗಟ್ಟಿಯಾಗಿ ಕಟ್ಟಿದ್ದರು, ಬಂದವರೇ ಎಲ್ಲರನ್ನೂ ಎತ್ತರಕ್ಕೆ ತಕ್ಕಂತೆ ಕೂರಿಸಿದರು. ಟೀಚರೇ ಇರಬೇಕು ಅಂತ ನನಗೆ ಅನ್ನಿಸಿತು. ಅವರ ಹತ್ತಿರ ಟ್ರೇ ಹಿಡಿದಾಗ ಲೋಟಗಳು ಡ್ರಮ್ಮಿಲ್ಲದೆಯೇ ನಡುಗಿದವು.

ಸೀಟಿ ಆಯಿತು. ಮಕ್ಕಳ ಗಲಾಟೆ ಆಯಿತು. ಅಡುಗೆಮನೆಯಲ್ಲಿ ಲೋಟಗಳು ಗುಂಯ್ ಅಂದವು. ಅಮ್ಮ ತೋಳು ಚಾಚಿ ಹಿಡಿದುಕೊಂಡಳು. "ಬಂದ್ರು ನಿಮ್ಮಪ್ಪ" ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಗೋಡೆಗೆ ಹಣೆ ಊರಿ ನಿಂತಿದ್ದಳು.

ನಾನು ಬಾಲ್ಕನಿಯ ಬಾಗಿಲಿಗೆ ಹೋದೆ. ಯಾರನ್ನಾದರೂ ಎಬ್ಬಿಸಬೇಕು. ಆ ಬೆನ್ನುಗಳಲ್ಲಿ ನನಗೆ ಗುರುತಿದ್ದದ್ದು ಟೀಚರ ಬೆನ್ನು ಒಂದೇ. ಮೊಣಕೈ ಮುಟ್ಟಿದೆ.

"ಏನಮ್ಮಾ?"

"ನಮ್ಮಮ್ಮ ಒಂದು ನಿಮಿಷ ಇಲ್ಲಿಗೆ ಬರಬೇಕು."

"ಬರಲಿ, ಅದಕ್ಕೇನು?"

"ಸ್ಟೂಲಿಗೊಬ್ಬರೇ. ಮುರಿಯುತ್ತೆ."

"ಅಂದರೆ ನಾನು ಏಳಬೇಕು?"

"ಹೂಂ."

"ದುಡ್ಡು ಕೊಟ್ಟು ಕೂತವಳು ನಾನು. ನಡೆದು ಬಂದು ಮೊಣಕಾಲು ಬೇರೆ ನೋಯ್ತಿದೆ."

"ಹೂಂ."

"ಮತ್ತೆ ಯಾಕೆ ಏಳಬೇಕು, ಹೇಳು. ಗಟ್ಟಿಯಾಗಿ ಹೇಳು, ಕೇಳಿಸ್ತಿಲ್ಲ."

ತುತ್ತೂರಿ ಆಗಲೇ ಬೀದಿಯ ತಿರುವಿನ ಹತ್ತಿರ ಬಂದಿತ್ತು. "ಡ್ರಮ್ಮು ಹೊಡೆಯೋರು ನಮ್ಮಪ್ಪ! ಅಮ್ಮ ಒಂದು ಸಲಾನೂ ನೋಡಿಲ್ಲ!" ಎಂದುಬಿಟ್ಟೆ. ಎಷ್ಟು ಜೋರಾಗಿ ಅಂದೆನೆಂದರೆ ಬೆನ್ನುಗಳೆಲ್ಲ ಒಟ್ಟಿಗೆ ತಿರುಗಿದವು.

ಟೀಚರು ನನ್ನನ್ನೇ ನೋಡಿದರು. ಕಂಬಿ ಹಿಡಿದು ಎದ್ದರು. "ನಡಿ, ಎಲ್ಲಿದಾರೆ ನಿಮ್ಮಮ್ಮ?"

ಅಮ್ಮ ಅವರನ್ನು ಅಡುಗೆಮನೆಯಲ್ಲಿ ಕಂಡು ಗಾಬರಿಯಾದಳು. "ಅಯ್ಯೋ, ಟೀಗೆ ಸಕ್ಕರೆ ಸಾಲದಾ?"

"ಅಮ್ಮಾ, ಜಾಗ ಆಗಿದೆ. ಹೋಗು."

"ನಿಂಗೇನು ತಲೆ ಕೆಟ್ಟಿದೆಯೇನೇ? ಕೈ ಬಿಟ್ಟರೆ ಲೋಟ ಬೀಳುತ್ತೆ!"

"ಲೋಟ ನಾವು ಹಿಡ್ಕೋತೀವಿ" ಅಂದರು ಟೀಚರು. "ನೀವು ಹೊರಡಿ ಮೊದಲು."

ಅದು ಪಾಠ ಹೇಳಿ ಪಳಗಿದ ದನಿ. ಅಮ್ಮ ಕೈ ತೆಗೆದಳು. ಒರೆಸಿಕೊಂಡಳು. ಕೂದಲು ಮುಟ್ಟಿ ನೋಡಿಕೊಂಡಳು. ಬಾಗಿಲ ತನಕ ಹೋಗಿ ನನ್ನ ಕಡೆ ತಿರುಗಿದಳು. "ಹೋಗಮ್ಮಾ" ಎಂದು ನಾನೇ ಗದರಿದೆ. ಹೋದಳು.

ನಾನೂ ಟೀಚರೂ ಪಕ್ಕಪಕ್ಕ ನಿಂತು ತೋಳು ಚಾಚಿದೆವು. ಶೆಲ್ಫು ಅಂಗೈಯೊಳಗೆ ಜೀವ ಇದ್ದ ಹಾಗೆ ಅದುರುತ್ತಿತ್ತು.

"ಅಬ್ಬಾ, ಇಷ್ಟು ಜೋರಾಗಿ ಹೊಡೀತಾರಾ?"

"ಇದೇನಲ್ಲ. ಇನ್ನೂ ತಿರುವು ದಾಟಿಲ್ಲ."

ದಾಟಿತು. ಒಂದು ಮುಚ್ಚಳ ಹಾರಿ ಕೆಳಗೆ ಬಿತ್ತು. ಟೀಚರು ಚಿಕ್ಕ ಹುಡುಗಿಯ ಹಾಗೆ ನಕ್ಕುಬಿಟ್ಟರು. ನಗು ಮುಗಿದ ಮೇಲೆ ಕೇಳಿದರು: "ಅಲ್ಲಮ್ಮಾ, ಈ ಲೋಟಗಳನ್ನ ಮೊದಲೇ ತೆಗೆದು ನೆಲದ ಮೇಲೆ ಇಟ್ಟುಬಿಡಬಹುದಲ್ಲ?"

ಅಷ್ಟು ವರ್ಷ ನನಗದು ಹೊಳೆದೇ ಇರಲಿಲ್ಲ. ಅಮ್ಮನಿಗೆ ಹೊಳೆದಿತ್ತೇನೋ. ಹೊಳೆದೂ ಬೇಡವೆನಿಸಿತ್ತೇನೋ.

ಸದ್ದು ಜೆಟ್ಟಿಯ ಕಡೆ ಇಳಿದುಹೋಯಿತು. ಲೋಟಗಳು ಸುಮ್ಮನಾದವು. ಅಮ್ಮ ತಕ್ಷಣ ಒಳಗೆ ಬರಲಿಲ್ಲ. ಬಂದಾಗ ಮುಖ ಎಂದಿನಂತೆಯೇ ಇತ್ತು. "ಟೀ ಆರಿಹೋಗಿರಬೇಕು, ಬಿಸಿ ಮಾಡು" ಅಂದಳು. ಟೀಚರಿಗೆ ಮಾತ್ರ ಎರಡು ಲೋಟ ಕೊಟ್ಟಳು. ಏನು ನೋಡಿದೆ ಅಂತ ಕೇಳಲು ನನಗೆ ಸಂಕೋಚ.

ಅಪ್ಪ ಡ್ರಮ್ಮು ಹೊಡೆಯುವುದನ್ನು ನಾನು ಕೊನೆಗೂ ನೋಡಲಿಲ್ಲ. ಈಗ ಯಾರಾದರೂ ಆ ಹಬ್ಬ ಹೇಗಿತ್ತು ಎಂದು ಕೇಳಿದರೆ ನನ್ನ ಅಂಗೈ ಅದುರುತ್ತದೆ, ಕಣ್ಣಿಗೆ ಏನೂ ಬರುವುದಿಲ್ಲ.

ಸಂಜೆ, ಬಾಡಿಗೆಯವರೆಲ್ಲ ಹೋದ ಮೇಲೆ, ಅಪ್ಪ ಬಂದ. ಬೆನ್ನಿಗೆ ಕೈ ಕೊಟ್ಟುಕೊಂಡು ಕೂತ. ಔಷಧಿ ಅಂಗಡಿಯವರ ಮಗು ಈಗ ನಿಲ್ಲುತ್ತದೆ ಅಂದ. ದರ್ಜಿ ಬಾಲ್ಕನಿಗೆ ಹಸಿರು ಬಣ್ಣ ಹೊಡೆಸಿದ್ದಾನೆ ಅಂದ. ಅಮ್ಮ ಬೋಗುಣಿಯಲ್ಲಿ ಬಿಸಿನೀರು ತಂದು ಅವನ ಕಾಲ ಹತ್ತಿರ ಕುಕ್ಕಿದಳು.

"ಎಡಗಾಲಿನ ಶೂ ಲೇಸು ಕಟ್ಟೋಕೆ ಏನಾಗಿತ್ತು ನಿಮಗೆ? ಅದು ನೆಲದ ಮೇಲೆ ಹಾವಿನ ಹಾಗೆ ಎಳಕೊಂಡು ಬರ್ತಿದೆ, ಇವರು ಡಂ ಡಂ ಅಂತ ನಡೀತಿದಾರೆ. ಆ ಇಳಿಜಾರಲ್ಲಿ ಎಡವಿದ್ರೆ ಡ್ರಮ್ಮಿನ ಜೊತೆ ಸೀದಾ ಸಮುದ್ರಕ್ಕೇ!"

ಅಪ್ಪ ಶೂ ನೋಡಿಕೊಂಡ. ಲೇಸು ಬಿಗಿಯಾಗಿ ಕಟ್ಟಿತ್ತು.

"ಇದು ಜೆಟ್ಟಿ ಹತ್ರ ತುತ್ತೂರಿಯವನು ಕಟ್ಟಿದ್ದು" ಅಂದ ನಿಧಾನವಾಗಿ. "ನಿಂಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಂಗೇನು ಕಣ್ಣಿಲ್ವಾ?"

ಅಪ್ಪ ಅವಳನ್ನೇ ನೋಡಿದ. ಅಮ್ಮನ ದನಿ ಇನ್ನೂ ಏರಿತು. "ಊರವರ ಬಾಲ್ಕನಿಗೆಲ್ಲ ಕತ್ತೆತ್ತಿ ನೋಡ್ತೀರಂತೆ. ನಮ್ಮನೆ ಬಂದ ಕೂಡಲೇ ಮುಖ ಆ ಕಡೆ. ನಾನು ಕೈ ಬೀಸಿದ್ದು ಆ ಗಡಿಯಾರ ನೋಡ್ಲಿ ಅಂತಾನಾ?"

"ಅಲ್ಲಿ ನಮ್ಮೋರು ಯಾರಿರ್ತಾರೆ ಅಂತ..." ಅಪ್ಪ ಬಿಸಿನೀರಿಗೆ ಕಾಲಿಡದೆ ಎದ್ದು ಬಾಲ್ಕನಿಗೆ ಹೋದ. ಸ್ಟೂಲುಗಳು ಹಾಗೇ ಇದ್ದವು.

"ಎಲ್ಲಿ ನಿಂತಿದ್ದೆ?"

"ಎಲ್ಲೋ ಒಂದು ಕಡೆ. ಈಗ್ಯಾಕೆ ಅದೆಲ್ಲ?"

"ತೋರ್ಸು."

ಅಮ್ಮ ಗೊಣಗುತ್ತಲೇ ಹೋಗಿ, ಒಂದು ಸ್ಟೂಲು ಪಕ್ಕಕ್ಕೆ ತಳ್ಳಿ, ಕಂಬಿಯ ಮೇಲೆ ಕೈಯಿಟ್ಟಳು. "ಇಲ್ಲಿ."

ಅಪ್ಪ ಅವಳ ಪಕ್ಕದಲ್ಲಿ ಬಗ್ಗಿ ನೋಡಿದ. ಕೆಳಗೆ ಬೀದಿ ಗುಡಿಸುವವರು ಬಣ್ಣದ ಕಾಗದಗಳನ್ನು ಗುಡ್ಡೆ ಹಾಕುತ್ತಿದ್ದರು.

"ಹಂಗಾದ್ರೆ ನಾನು ಅಲ್ಲಿದ್ದೆ" ಎಂದು ಬೆರಳು ತೋರಿಸಿದ.

"ಅಲ್ಲಲ್ಲ, ಇನ್ನೂ ಈಚೆಗೆ" ಎಂದು ಅಮ್ಮ ಅವನ ಕೈ ಹಿಡಿದು ಸರಿಪಡಿಸಿದಳು.