ಸುಣ್ಣದ ತೊಟ್ಟಿಯ ಪಾಠ

"ಅಲ್ಲೇ ಬಾಗಿಲ ಹತ್ರ ನಿಂತ್ಕೊಂಡು ಹೇಳು. ನೀನು ಒಳಗೆ ಬಂದ್ರೆ ನಾನಿವತ್ತು ಊಟ ಮಾಡಿದ ಹಾಗೇ," ಎಂದ ಶಿಕ್ಷಣಾಧಿಕಾರಿ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು.

ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ತೊಗಲು ಕೆರೆಯುವವಳು ಹೊಸ್ತಿಲಾಚೆಯೇ ನಿಂತಳು. ಇಷ್ಟು ಮಾತು ಕೇಳುವುದಕ್ಕೆ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದಳು.

"ಸ್ವಾಮಿ, ಕೌಶಲ್ಯದ ತರಗತಿ ಅಂತ ನಮ್ಮ ಹೆಣ್ಮಕ್ಕಳನ್ನ ಶಾಲೆಯಿಂದ ಕಾರ್ಖಾನೆಗೆ ಕಳಿಸ್ತಿದ್ದಾರೆ. ಸುಣ್ಣದ ತೊಟ್ಟಿ ಹತ್ರ ಕೂರಿಸಿ ತೊಗಲಿನ ಕೂದಲು ಕೆರೆಸ್ತಾರೆ. ಕೈಯೆಲ್ಲಾ ಸುಲಿದುಹೋಗಿದೆ."

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಬಾಯಿಬಿಟ್ಟರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಮಕ್ಕಳಿಗೆ ತಾಕೀತಾಗಿತ್ತು. ಅವರನ್ನು ಕೂರಿಸುತ್ತಿದ್ದುದು ಇವಳು ದುಡಿಯುವ ಕಾರ್ಖಾನೆಯಲ್ಲೇ, ಆದರೆ ಹಿಂದಿನ ಶೆಡ್ಡಿನಲ್ಲಿ. ಎಷ್ಟು ಮೈ ತಿಕ್ಕಿ ತೊಳೆದರೂ ಮನೆಯಿಂದ ತೊಟ್ಟಿಯ ನಾತ ಹೋಗದಿದ್ದಾಗ, ಅದು ತನ್ನ ಮೈಯದೇ ಎಂದುಕೊಂಡಿದ್ದಳು. ಮಗಳ ಜಡೆ ಬಿಚ್ಚಲು ಕೂತ ದಿನ, ನಾತ ಆ ಕೂದಲಿನದೂ ಎಂದು ತಿಳಿಯಿತು.

"ನೀನು ಮಾಡೋ ಕೆಲಸಾನೇ ಮಗಳು ಕಲಿತ್ರೆ ನಿನ್ನ ಗಂಟೇನು ಹೋಯ್ತು?"

"ಅದನ್ನ ಕಲಿಸೋಕೆ ನಾನೇ ಸಾಕಲ್ಲ ಸ್ವಾಮಿ. ಶಾಲೆ ಯಾಕೆ?"

ಅಧಿಕಾರಿ ನಕ್ಕ. ದನಿ ಮೆತ್ತಗಾಯಿತು. "ಕೂತ್ಕೋಮ್ಮ. ಇನ್ಯಾರ್ಯಾರಿಗೆ ಬೇಜಾರಾಗಿದೆ? ಹೆಸರು ಹೇಳು, ಎಲ್ಲರಿಗೂ ಒಳ್ಳೇದು ಮಾಡೋಣ."

ಕೂರಲು ಕುರ್ಚಿ ಇರಲಿಲ್ಲ. "ನಾನೊಬ್ಳೇ," ಎಂದಳು.

ಅವನು ಅವಳೆದುರಿಗೇ ಫೋನ್ ಎತ್ತಿದ. "ಧಣಿಗಳೇ, ನಿಮ್ಮ ಕಾರ್ಖಾನೆ ಹೆಂಗಸೊಬ್ಳು ಇಲ್ಲಿ ಬಂದು ನಿಂತಿದ್ದಾಳೆ." ಆ ಕಡೆಯ ಮಾತಿಗೆಲ್ಲ ತಲೆಯಾಡಿಸಿ ಇವಳತ್ತ ತಿರುಗಿದ. "ಹೋಗು, ನಿನ್ನ ಮಗಳೊಬ್ಬಳನ್ನ ಬಿಡ್ತಾರಂತೆ. ಊರ ಉಸಾಬರಿ ನಿನಗೆ ಬೇಡ."

ಅವಳು ನೇರ ಕಾರ್ಖಾನೆಯ ಹಿಂದಿನ ಶೆಡ್ಡಿಗೆ ಬಂದಳು. ಮೇಸ್ತ್ರಿ ಕಾದಿದ್ದ.

"ಬಂದ್ಯಾ ಮಹಾರಾಣಿ? ಕರ್ಕೊಂಡು ತೊಲಗು ನಿನ್ನ ಮರೀನ."

ತೊಟ್ಟಿಯ ದಡದಲ್ಲಿ ಹುಡುಗಿಯರು ಸಮವಸ್ತ್ರವನ್ನು ಮಂಡಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಮಗಳು ಎದ್ದಳು. ಉಳಿದವರು ಕೆರೆಯುವುದನ್ನು ನಿಲ್ಲಿಸಿ ನೋಡಿದರು.

"ಎಲ್ಲಾರೂ ಏಳ್ರೇ," ಎಂದಳು ತಾಯಿ. "ಮನೆಗೆ ಹೋಗೋಣ."

"ಏಯ್ ಲೌಡಿ, ಅವರನ್ನ ಮುಟ್ಟಿದ್ರೆ ನಾಳೆಯಿಂದ ನಿನಗೆ ಅನ್ನ ಇಲ್ಲ."

"ನಿಮ್ಮಪ್ಪನ ಮನೇದೇನೋ ಅನ್ನ, ಮುಂಡೇಮಗನೆ?"

ಹತ್ತಿರದವಳನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಮಿಕ್ಕವರು ತಾವಾಗಿಯೇ ಎದ್ದು ಲಂಗಕ್ಕೆ ಕೈ ಒರೆಸಿಕೊಂಡರು. ಮೇಸ್ತ್ರಿ ತಡೆಯಲಿಲ್ಲ. ಬಾಗಿಲಲ್ಲಿ ನಿಂತು, ಹೊರಟ ಒಬ್ಬೊಬ್ಬಳ ಮುಖವನ್ನೂ ನೋಡಿಟ್ಟುಕೊಂಡ.

ಅವಳ ಕೆಲಸ ಹೋಯಿತು. ಮಗಳ ಹೆಸರನ್ನು ಶಾಲೆಯಿಂದ ತೆಗೆದರು. ಆ ಹುಡುಗಿಯರು ಯಾರೂ ಮತ್ತೆ ಕಾರ್ಖಾನೆಗೆ ಹೋಗಲಿಲ್ಲ. ಮುಂದಿನ ವಾರ ಹೊಳೆಯಾಚೆಯ ಶಾಲೆಯ ಮಕ್ಕಳನ್ನು ತಂದು ತೊಟ್ಟಿಯ ದಡದಲ್ಲಿ ಕೂರಿಸಿದರು.