ತವರಿಗೆ ಫ್ರೆಂಚಿನಲ್ಲಿ ಏನಂತಾರೆ

ಇಂಗ್ಲಿಷ್ ಕಲಿಸುವ ಗಂಡನಿಗೆ ಎಲ್ಲ ಭಾಷೆಯೂ ಬರುತ್ತದೆ ಅಂತಲೇ ಮಾನ್ವಿಯ ತುಳಸಿಬಾಯಿ ನಂಬಿದ್ದಳು. ಪಾಪ, ವಾದಿರಾಜ ಮಾಸ್ತರರಿಗೆ ಬಂತು ನೋಡಿ ಪೇಚಾಟ.

ರಾಯಚೂರಿನ ಆಸ್ಪತ್ರೆಯ ಫ್ರೆಂಚ್ ನರ್ಸು ಮದ್ಲೀನ್ ಮರುದಿನ ತನ್ನ ದೇಶಕ್ಕೆ ಹೊರಟಿದ್ದಳು. ಹೆರಿಗೆಯಲ್ಲಿ ತುಳಸಿಬಾಯಿಯನ್ನೂ ಕೂಸನ್ನೂ ಉಳಿಸಿಕೊಟ್ಟ ಪುಣ್ಯಾತ್ಗಿತ್ತಿ. ಮೊನ್ನೆ ಮುಗಿದ ಯುದ್ಧದಲ್ಲಿ ಬಾಂಬು ಬಿದ್ದು ಅವಳ ಮನೆ, ಹೆತ್ತವರು ಎಲ್ಲ ಹೋಗಿದ್ದರು. ಅಲ್ಲಿ ಅವಳ ದಾರಿ ಕಾಯುವವರು ಯಾರೂ ಇರಲಿಲ್ಲ.

“ಮಾನ್ವಿಯೊಳಗ ನಿನಗ ತವರುಮನಿ ಅದ ಅಂತ ಆಕಿಗೆ ಹೇಳ್ರಿ. ಆಕಿ ಭಾಷಾದಾಗೇ ಹೇಳ್ರಿ.”

“ಆಕಿಗೆ ಕನ್ನಡ ತಿಳೀತದಲ್ಲ.”

“ಬ್ಯಾನಿ ತಿನ್ನುವಾಗ ಆಕಿ ನನ್ನ ಭಾಷಾದಾಗ ಧೈರ್ಯ ಹೇಳಿದ್ಲು. ನಾವು ಅಷ್ಟೂ ಮಾಡಬಾರದೇನು?”

ಮಾಸ್ತರರು ಶಾಲೆಯ ಇಂಗ್ಲಿಷ್-ಫ್ರೆಂಚ್ ನಿಘಂಟು ತಂದರು. ತವರಿಗೆ ಇಂಗ್ಲಿಷಿನಲ್ಲಿ ‘ಹೋಮ್’ ಅಂದುಕೊಂಡು ಆ ಪದ ತೆಗೆದರೆ, ಅದರ ಮುಂದೆ ಫ್ರೆಂಚ್ ಪದಗಳ ಸಂತೆಯೇ ನೆರೆದಿತ್ತು. ‘ಮೇಸೋಂ’ ಅಂದರೆ ಕಲ್ಲುಮಣ್ಣಿನ ಮನೆ, ‘ಫ್ವಾಯೇ’ ಅಂದರೆ ಒಲೆ ಇರುವ ತಾವು, ‘ಪಾತ್ರೀ’ ಅಂದರೆ ದೇಶ. ಕೊನೆಯ ‘ಅಸೀಲ್’ ಅಂತೂ ದಿಕ್ಕಿಲ್ಲದವರನ್ನು ಇಡುವ ಜಾಗ. ಶಿವನೇ, ಅದನ್ನು ಅಂದುಬಿಟ್ಟರೆ ಗತಿಯೇನು? ಕೊನೆಗೆ ಒಲ್ಲದ ಮನಸ್ಸಿನಿಂದ ‘ಮೇಸೋಂ’ ಆರಿಸಿಕೊಂಡು, ಬಸ್ಸಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು.

ರಾಯಚೂರು ಸ್ಟೇಷನ್ನಿನಲ್ಲಿ ಗಂಟಲು ಸರಿಮಾಡಿಕೊಂಡು ಒಪ್ಪಿಸಿದರು. ಮದ್ಲೀನ್ ನಕ್ಕು ‘ಮೆರ್ಸಿ’, ಉಪಕಾರವಾಯಿತು, ಅಂದಳು, ಹೂ ಕೊಟ್ಟು ಹೋದ ಹತ್ತು ಮಂದಿಗೂ ಅಂದ ಹಾಗೆಯೇ. ಮಾತು ಮುಟ್ಟಲಿಲ್ಲ ಅಂತ ಮಾಸ್ತರರಿಗೆ ತಿಳಿಯಿತು. ಈ ಹುಡುಗಿ ತನಗೆ ಯಾರೂ ಇಲ್ಲ ಅಂದುಕೊಂಡೇ ಸಮುದ್ರ ದಾಟುತ್ತಾಳಲ್ಲ.

ತುಳಸಿಬಾಯಿ ಗಂಡನನ್ನು ಒಮ್ಮೆ ನೋಡಿ, ಕಂಕುಳಲ್ಲಿದ್ದ ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಒಂದು ಕುಪ್ಪಸದ ಖಣ. ಮಡಿ ಮಡಿ ಎಂದು ಊರನ್ನೆಲ್ಲ ದೂರ ಸರಿಸುವ ಹೆಂಗಸು ಆಸ್ಪತ್ರೆಯ ನರ್ಸಿನ ಹಣೆಗೆ ತಾನೇ ಕುಂಕುಮ ಹಚ್ಚಿದಳು. ಮದ್ಲೀನಳಿಗೆ ಸೆರಗೆಲ್ಲಿಯದು? ಗೌನಿನ ಮುಂಭಾಗವನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ತುಳಸಿಬಾಯಿ ಅಳುತ್ತಲೇ ಉಡಿ ತುಂಬಿದಳು.

ರೈಲು ಸೀಟಿ ಹಾಕಿತು. ಮದ್ಲೀನ್ ಹತ್ತಲಿಲ್ಲ. ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತುಳಸಿಬಾಯಿಯ ಸೆರಗಿಗೆ ಹಾಕಿದಳು. ಉಡಿ ತುಂಬಿಸಿಕೊಂಡ ಮಗಳು, ಹೆತ್ತವರ ಮನೆ ಬರಿದಾಗದಿರಲಿ ಎಂದು ಹಾಗೆ ಹಾಕಿಯೇ ಹೊರಡುವುದು. ಬಾಣಂತಿಯರ ವಾರ್ಡಿನಲ್ಲಿ ಎಷ್ಟು ಸಲ ನೋಡಿದ್ದಳೋ ಏನೋ.

“ತವರುಮನಿ ತುಂಬಿರ್ಲಿ, ಯವ್ವಾ,” ಅಂದಳು.