ಕೋಸಿನ ಮುದ್ದೆ

ಕದಿರೇನಹಳ್ಳಿಯ ಬೈರಣ್ಣ ಮುದ್ದೆ ನುಂಗುವುದನ್ನು ನೋಡುವುದಕ್ಕೇ ಒಂದು ಕಾಲದಲ್ಲಿ ಜನ ನಿಂತುಬಿಡುತ್ತಿದ್ದರು. ಗರಡಿಯಲ್ಲಿ ಬೆಳೆದ ಮೈ. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಎದ್ದ ಹೊಸ ಮನೆಗಳ ಪಾಯಕ್ಕೆ ಕಲ್ಲು ಹೊಡೆಸಿ ಹಾಕಿಸುವವನು ಅವನೇ. ತಲೆಯಷ್ಟು ಗಾತ್ರದ ಮೂರು ಮುದ್ದೆ, ಮುರಿದು ಸಾರಿನಲ್ಲಿ ಹೊರಳಿಸಿ ಗುಳುಂ ಗುಳುಂ ಅಂತ ಒಳಗೆ. ಹಲ್ಲು ಸೋಕಬಾರದು. ಮುದ್ದೆ ಅಗಿಯುವವನು ಅವನ ಪ್ರಕಾರ ಗಂಡಸೇ ಅಲ್ಲ.

ಆ ಮುದ್ದೆ ತಿರುವುತ್ತಿದ್ದವಳು ಅವನ ಹೆಂಡತಿ ಗೋವಿಂದಮ್ಮ. ತಿರುವುವ ಕೋಲು ಆ ಮನೆಯಲ್ಲಿ ಇನ್ನೊಂದು ಕೆಲಸಕ್ಕೂ ಒದಗುತ್ತಿತ್ತು. ಹಿಟ್ಟು ಗಂಟಾದರೆ, ಸಾರು ಆರಿದರೆ, ನೀರಿನ ಚೊಂಬು ಕೈಗೆಟುಕದೆ ಹೋದರೆ, ಬೈರಣ್ಣ ಕೂತಲ್ಲಿಂದಲೇ ತೋಳು ಚಾಚಿ ಕೋಲು ಎತ್ತಿಕೊಳ್ಳುತ್ತಿದ್ದ. ಬೆನ್ನೋ, ಮೊಣಕೈಯೋ, ಸಿಕ್ಕಲ್ಲಿ ಬಾರಿಸುತ್ತಿದ್ದ. ಬಾರಿಸಿ ಮುಗಿಸಿ ಕೋಲನ್ನು ಅದರ ಮೂಲೆಗೇ ಒರಗಿಸುತ್ತಿದ್ದ, ಅಷ್ಟು ಅಚ್ಚುಕಟ್ಟು ಮಹಾರಾಯ. ಪಕ್ಕದ ಮನೆಯವರು ರೇಡಿಯೋ ಜೋರು ಮಾಡಿಕೊಳ್ಳುತ್ತಿದ್ದರು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವನ ಎಡಗಾಲಿನ ಹೆಬ್ಬೆರಳ ಮೇಲೆ ಪಾಯಕ್ಕೆ ಒಡೆದ ಒಂದು ಸೈಜುಗಲ್ಲು ಬಿತ್ತು. ಗಾಯ ಮಳೆಗಾಲ ಬಂದರೂ ಮಾಯಲಿಲ್ಲ. ಗೋವಿಂದಮ್ಮ ಕಾಡಿ ಬೇಡಿ ಅವನನ್ನು ಜಯನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಅವನಿಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿರಲು ಹೇಳಿ ಅಂಗಾಲಿಗೆ ಗುಂಡುಸೂಜಿ ಚುಚ್ಚಿದರು. ಬೈರಣ್ಣ ಕ್ಯಾಲೆಂಡರ್ ನೋಡುತ್ತಲೇ ಇದ್ದ.

"ಸಕ್ಕರೆ ಕಾಯಿಲೆ ಕಣಯ್ಯ. ಕಾಲಿಗೆ ನೋವೇ ಗೊತ್ತಾಗ್ತಿಲ್ಲ ನಿಂಗೆ. ಊಟಕ್ಕೆ ಅರ್ಧ ಮುದ್ದೆ, ಮಿಕ್ಕಿದ್ದಕ್ಕೆಲ್ಲ ತರಕಾರಿ. ಅನ್ನ, ಆಲೂಗಡ್ಡೆ ಮುಟ್ಟಬೇಡ. ಇಲ್ಲಾಂದ್ರೆ ಈ ಗಾಯ ಕೊಳೆತು ಮೊಣಕಾಲವರೆಗೂ ಕಾಲು ತೆಗೀಬೇಕಾಗುತ್ತೆ."

ಗೋವಿಂದಮ್ಮನಿಗೆ ಎದೆ ಧಸಕ್ ಎಂದಿತು. ಗಂಡನ ಮೇಲಿನ ಪ್ರೀತಿಗಲ್ಲ, ಸುಳ್ಳು ಯಾಕೆ ಹೇಳಬೇಕು. ಎರಡು ಕಾಲಿರುವುದರಿಂದ ಅವನು ಬೆಳಗಾದರೆ ಕಲ್ಲಿನ ಕೆಲಸಕ್ಕೆ ಹೋಗುತ್ತಾನೆ, ಸಂಜೆಯವರೆಗೆ ಅವಳ ಬೆನ್ನಿಗೆ ಬಿಡುವು. ಕಾಲು ಹೋದರೆ ದಿನವಿಡೀ ಮನೆಯಲ್ಲೇ, ಆ ಕೋಲಿನ ಪಕ್ಕದಲ್ಲೇ ಕೂತಿರುತ್ತಾನೆ. ಹೇಗಾದರೂ ಮಾಡಿ ಆ ಕಾಲು ಉಳಿಸಿಕೊಳ್ಳಬೇಕು ಎಂದು ಅವಳು ಬಸ್ಸಿನಲ್ಲೇ ನಿರ್ಧರಿಸಿದಳು.

ಮೊದಲ ದಿನ ನೇರವಾಗಿಯೇ ಬಡಿಸಿದಳು. ಅರ್ಧ ಮುದ್ದೆ, ಪಕ್ಕದಲ್ಲಿ ಗುಡ್ಡೆ ಹುರುಳಿಕಾಯಿ ಪಲ್ಯ. ಬೈರಣ್ಣ ತಟ್ಟೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಎಮ್ಮೆ ಮೇವು ಇದು. ಗಂಡಸು ತಿನ್ನೋದಲ್ಲ," ಎಂದವನೇ ತಟ್ಟೆ ಬೀಸಿ ಎಸೆದ. ತಟ್ಟೆಯ ಅಂಚು ಅವಳ ಹುಬ್ಬಿನ ಮೇಲೆ ಕೂತು ಚರ್ಮ ಬಿಟ್ಟುಕೊಂಡಿತು. ಅವಳು ಒಂದು ಕೈಯಲ್ಲಿ ರಕ್ತ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಪಲ್ಯ ಬಳಿದಳು.

ಬಳಿಯುವಾಗಲೇ ಆ ಯೋಚನೆ ಬಂದದ್ದು. ಅಲ್ಲ, ಈ ಮನುಷ್ಯ ಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ. ನುಂಗುವವನಿಗೆ ಒಳಗೆ ಏನಿದೆ ಎಂದು ಹೇಗೆ ಗೊತ್ತಾದೀತು?

ಮೊದಲು ಸೋರೆಕಾಯಿ ಹಾಕಿ ನೋಡಿದಳು. ಮುದ್ದೆ ಸಾರಿನಲ್ಲಿ ಕರಗಿ ಅಂಬಲಿಯಾಯಿತು, ಬೆನ್ನಿಗೆ ಎರಡು ಬಿತ್ತು. ನವಿಲುಕೋಸು ವಾಸನೆ ಹೊಡೆಯಿತು, ಆಗಲೂ ಬಿತ್ತು. ಕೊನೆಗೆ ಕೈ ಹಿಡಿದದ್ದು ಎಲೆಕೋಸು. ಸಣ್ಣಗೆ ಹೆಚ್ಚಿ, ಬೇಯಿಸಿ, ಬಟ್ಟೆಯಲ್ಲಿ ನೀರೆಲ್ಲ ಹಿಂಡಿ, ಒರಳಿನಲ್ಲಿ ನುಣ್ಣಗೆ ತಿರುವಿ, ಅರ್ಧ ಹಿಟ್ಟಿನ ಜೊತೆ ಎಸರಿಗೆ ಹಾಕಿದರೆ ಮುದ್ದೆ ಗಟ್ಟಿಯಾಗಿ ನಿಂತಿತು. ಗಾತ್ರ ಅದೇ ತಲೆಯಷ್ಟು. ಮೇಲೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಬಸ್ಸಾರು, ವಾಸನೆ ಮುಚ್ಚುವುದಕ್ಕೆ. ಬೈರಣ್ಣ ಮೂರೂ ನುಂಗಿ ತೇಗಿದ. "ಈಗ ದಾರಿಗೆ ಬಂದೆ," ಎಂದ.

ಅವನು ಹೊರಗೆ ಹೋದ ಮೇಲೆ ಗೋವಿಂದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ಅಷ್ಟು ಖುಷಿಯಾಗಿ ನಕ್ಕದ್ದೇ ಇಲ್ಲ. ದಿನಾ ಸಂಜೆ ಅವನ ಕಾಲು ತೊಳೆದು, ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಬಟ್ಟೆ ಕಟ್ಟುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಗಾಯ ಕೂಡಿಕೊಂಡು ಗುಲಾಬಿ ಚರ್ಮ ಬಂತು. ಬೈರಣ್ಣ ಅದನ್ನು ಕಲ್ಲು ಕುಟ್ಟುವವರಿಗೆಲ್ಲ ತೋರಿಸಿ, "ಡಾಕ್ಟರ್‌ಗೇನು ಗೊತ್ತು, ಮೂರು ಮುದ್ದೆ ಉಂಡೇ ವಾಸಿ ಮಾಡ್ಕೊಂಡೆ," ಎಂದು ಮೀಸೆ ತಿರುವಿದ.

ಅದೇ ವೇಳೆಗೆ ಹನುಮಂತನಗರದಿಂದ ಅವನ ಅಕ್ಕ ನಾರಾಯಣಮ್ಮ ಬಂದಳು. ಆಕೆಗೆ ಹೊಸದಾಗಿ ಹಲ್ಲಿನ ಸೆಟ್ಟು ಕಟ್ಟಿಸಿದ್ದರು. ಏನೇ ತಿಂದರೂ ಮೂವತ್ತೆರಡು ಸಲ ಅಗಿಯಬೇಕು ಎಂದು ಹಲ್ಲಿನ ಡಾಕ್ಟರು ಹೇಳಿದ್ದನ್ನು ಆಕೆ ದೇವರ ಅಪ್ಪಣೆ ಎಂದೇ ತಿಳಿದಿದ್ದಳು. ಗೋವಿಂದಮ್ಮನ ತಲೆಗೆ ಇದು ಹೊಳೆಯಲೇ ಇಲ್ಲ. ಅವಳ ಲೆಕ್ಕದಲ್ಲಿ ಜಗತ್ತೆಲ್ಲ ಮುದ್ದೆ ನುಂಗುತ್ತಿತ್ತು. ನೆಂಟರು ಬಂದ ಗಡಿಬಿಡಿಯಲ್ಲಿ ಕೋಸನ್ನು ನುಣ್ಣಗೆ ತಿರುವಿರಲೂ ಇಲ್ಲ.

ನಾರಾಯಣಮ್ಮ ಅಗಿದಳು. ಅಗಿಯುವುದನ್ನು ತಟ್ಟನೆ ನಿಲ್ಲಿಸಿದಳು. ಬಾಯಿಂದ ಒಂದು ಬಿಳಿಯ ದಂಟು ತೆಗೆದು ತಟ್ಟೆಯ ಅಂಚಿಗಿಟ್ಟಳು.

"ಗೋವಿಂದಿ, ಮುದ್ದೆಗೆ ಎಲೆಕೋಸು ಹಾಕಿದ್ದೀಯೇನೇ? ಇದ್ಯಾವ ಊರ ಪದ್ಧತಿ?"

ಬೈರಣ್ಣ ತನ್ನ ಮುದ್ದೆಯನ್ನು ಬೆರಳಿನಿಂದ ಬಿಡಿಸಿದ. ಒಂದು ಚೂರು, ಇನ್ನೊಂದು ಚೂರು. "ಎಷ್ಟು ದಿನದಿಂದ?" ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಕಾಲು ವಾಸಿಯಾಗ್ಲಿ ಅಂತ..."

"ನನ್ನ ಮನೇಲಿ ನಂಗೇ ಮೋಸ ಮಾಡಿ ಮೇವು ತಿನ್ನಿಸ್ತೀಯಾ?"

ಕೋಲು ಎದ್ದಿತು. ಮೊದಲ ಏಟಿಗೆ ಅವಳು ಬಲಗೈ ಅಡ್ಡ ಹಿಡಿದಳು. ಮುಂಗೈ ಮೂಳೆ ಲಟಕ್ಕನೆ ಮುರಿದದ್ದು ನಾರಾಯಣಮ್ಮನಿಗೂ ಕೇಳಿಸಿತು. ಎರಡನೆಯದು ಕತ್ತಿನ ಬುಡಕ್ಕೆ, ಮೂರನೆಯದು ಬಿದ್ದವಳ ಸೊಂಟಕ್ಕೆ. "ಬಿಡೋ, ಸತ್ತೋಗ್ತಾಳೆ," ಎಂದು ನಾರಾಯಣಮ್ಮ ಅವನ ಸೊಂಟ ಹಿಡಿದು ಜಗ್ಗಿದಳು. ಅವನು ಅಕ್ಕನನ್ನು ಕೊಡವಿ, ಎಡಗಾಲಿನಿಂದ ಹೆಂಡತಿಯ ಪಕ್ಕೆಗೆ ಒದ್ದ. ಅವಳೇ ಕೋಸು ಹಿಂಡಿ ಹಿಂಡಿ ವಾಸಿ ಮಾಡಿದ ಕಾಲು ಅದು. ಇನ್ನೊಮ್ಮೆ ಒದೆಯಲು ಬಂದಾಗ ಅವಳು ಹೇಗೋ ಹೊರಳಿದಳು, ಕಾಲು ಒರಳುಕಲ್ಲಿಗೆ ಹೋಗಿ ಬಡಿಯಿತು.

ಅವನಿಗೆ ಏನೂ ಅನಿಸಲಿಲ್ಲ. ಕೋಲನ್ನು ಮೂಲೆಗೆ ಒರಗಿಸಿ ಮಣೆಯ ಮೇಲೆ ಕೂತ. "ಅಕ್ಕಾ, ಬರೀ ರಾಗಿಹಿಟ್ಟಿಂದು ಮೂರು ಮುದ್ದೆ ತಿರುವು. ಹೊಟ್ಟೆ ಹಸೀತೈತೆ," ಎಂದ.

ನಾರಾಯಣಮ್ಮ ಅಳುತ್ತಲೇ ಒಲೆಯ ಕಡೆ ತಿರುಗಿದಳು. ಗೋಡೆಗೊರಗಿದ್ದ ಗೋವಿಂದಮ್ಮನ ಕಣ್ಣಿಗೆ ಅದು ಬಿತ್ತು. ಗಂಡನ ಹೆಬ್ಬೆರಳಿನ ಗುಲಾಬಿ ಚರ್ಮ ಸೀಳಿಕೊಂಡು, ಮಣೆಯ ಕೆಳಗೆ ರಕ್ತ ಹರಿಯುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಆ ಮನೆಯಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ.

ಹೇಳಬೇಕಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಮುದ್ದೆ ತಟ್ಟೆಗೆ ಬಂತು, ಬೈರಣ್ಣ ಮೊದಲ ತುತ್ತು ನುಂಗಿ, "ಇದು ನೋಡು ಮುದ್ದೆ ಅಂದ್ರೆ," ಎಂದ. ಗೋವಿಂದಮ್ಮ ಬಾಯಿ ಮುಚ್ಚಿಕೊಂಡಳು. ಅವನು ಎದ್ದು ಹೋದ ಮೇಲೆ ಎಡಗೈಯಲ್ಲಿ ಒದ್ದೆಬಟ್ಟೆ ಹಿಡಿದು ನೆಲ ಒರೆಸಿದಳು. ಅವಳಿಗೆ ಮೈಯೆಲ್ಲ ನೋವು, ಎದೆಯಲ್ಲಿ ಮಾತ್ರ ತಣ್ಣಗಿತ್ತು.

ಅವಳ ಮುರಿದ ಕೈಗೆ ನಾಟಿ ಕಟ್ಟು ಬಿತ್ತು, ಅಡುಗೆಗೆ ನಾರಾಯಣಮ್ಮ ಉಳಿದಳು. ದಿನಾ ಮೂರು ಮುದ್ದೆ, ಅಪ್ಪಟ ರಾಗಿ. ಸಂಜೆ ಬೈರಣ್ಣ ಅಭ್ಯಾಸದಂತೆ ಕಾಲು ಮುಂದೆ ಚಾಚಿದರೆ ಗೋವಿಂದಮ್ಮ ಕಟ್ಟು ಹಾಕಿದ ಕೈ ತೋರಿಸುತ್ತಿದ್ದಳು. ಅವನು ಕಾಲಿಗೆ ಒಂದು ಚೊಂಬು ನೀರು ಸುರಿದುಕೊಂಡು, ಬಗ್ಗಿಯೂ ನೋಡದೆ ಮಲಗುತ್ತಿದ್ದ. ಒಂದು ದಿನ ಮನೆಯೆಲ್ಲ ಕೊಳೆತ ವಾಸನೆ. "ಇಲಿ ಸತ್ತಿರಬೇಕು," ಎಂದು ನಾರಾಯಣಮ್ಮ ಅಟ್ಟ ಹುಡುಕಿದಳು, ಮೂಟೆ ಸರಿಸಿದಳು. ಬೈರಣ್ಣನೂ ಕುಂಟುತ್ತ ಕುಂಟುತ್ತ ಇಲಿ ಹುಡುಕಿದ. ಗೋವಿಂದಮ್ಮ ಕೂತು ನೋಡುತ್ತಿದ್ದಳು. ಮಾರನೆಯ ದಿನ ಅವನಿಗೆ ಜ್ವರ ನೆತ್ತಿಗೇರಿತು. ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಅವಳು ಹೆದರಿದ್ದಂತೆಯೇ ಆಯಿತು. ನಾರಾಯಣಮ್ಮ ಹನುಮಂತನಗರಕ್ಕೆ ಹಿಂದಿರುಗಿದ ದಿನ, ಬೈರಣ್ಣ ತೆವಳಿಕೊಂಡು ಬಂದು ಅಡುಗೆಮನೆಯ ಮೂಲೆಯಲ್ಲಿ, ಕೋಲಿಗೆ ಒರಗಿಕೊಂಡೇ ಕೂತ. ಇನ್ನು ದಿನವೆಲ್ಲ ಅಲ್ಲೇ.

ಗೋವಿಂದಮ್ಮ ಅವನ ಹೆಗಲ ಹಿಂದಿನಿಂದ ಕೋಲು ಎಳೆದುಕೊಂಡಳು. ಅವನೆದುರೇ ಕೋಸು ಹೆಚ್ಚಿದಳು, ಬೇಯಿಸಿದಳು, ಹಿಂಡಿದಳು. ಸೊಟ್ಟಗೆ ಕೂಡಿದ ಮುಂಗೈಯಲ್ಲಿ, ನೋವಿಗೆ ಹಲ್ಲು ಕಚ್ಚಿಕೊಂಡು ತಿರುವಿದಳು. ಒಂದೇ ಮುದ್ದೆ ಮಾಡಿ ತಟ್ಟೆಗಿಟ್ಟಳು.

"ಮತ್ತೆ ಶುರು ಮಾಡಿದ್ಯೇನೇ?" ಎಂದವನೇ ಅವನು ತಟ್ಟೆ ಬೀಸಿದ.

ತಟ್ಟೆ ಗೋಡೆಗೆ ಬಡಿದು ಬಿದ್ದ ಸದ್ದು ನಿಲ್ಲುವ ಮುನ್ನ ಕೋಲು ಅವನ ಮುಂಗೈ ಮೇಲೆ ಬಿತ್ತು. ಬಿಸಿ ಹಿಟ್ಟು ಮೆತ್ತಿದ ಕೋಲು. ಎಸೆದ ಕೈಗೇ ಹೊಡೆದಳು, ತನ್ನ ಕೈ ಎಲ್ಲಿ ಮುರಿದಿತ್ತೋ ಅದೇ ಜಾಗಕ್ಕೆ. ಈ ಸಲ ಅವನಿಗೆ ನೋವು ಗೊತ್ತಾಯಿತು. ಕೈಯನ್ನು ಎದೆಗೆ ಅವಚಿಕೊಂಡು, ಬಾಯಿ ತೆರೆದು ಅವಳನ್ನೇ ನೋಡಿದ. ಪಕ್ಕದ ಮನೆಯ ರೇಡಿಯೋ ಜೋರಾಯಿತು.

ಅವಳು ಪಾತ್ರೆಯಲ್ಲಿ ಉಳಿದದ್ದನ್ನು ಮುದ್ದೆ ಕಟ್ಟಿ, ತಟ್ಟೆ ತೊಳೆದು, ಅವನ ಮುಂದಿಟ್ಟಳು. ಕೋಲನ್ನು ಮೂಲೆಗೆ ಒರಗಿಸಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕೂತಳು.

"ಇದನ್ನ ಉಂಡ್ರೆ ಇನ್ನೊಂದು ಕಾಲು ಉಳೀತದೆ. ಉಣ್ಣದಿದ್ರೆ ಅದೂ ಹೋಗ್ತದೆ. ಆವತ್ತು ಒರಳಿಗೆ ಒದ್ರಲ್ಲ, ರಕ್ತ ಹರೀತಿದ್ದದ್ದು ನಾನು ನೋಡಿದ್ದೆ. ಹೇಳ್ಲಿಲ್ಲ. ಇನ್ನು ಮುಂದೆಯೂ ಹೇಳೋದೋ ಬೇಡ್ವೋ, ನಿಮಗೆ ಬಿಟ್ಟಿದ್ದು."

ಬೈರಣ್ಣ ಅವಳನ್ನು, ಕೋಲನ್ನು ನೋಡಿದ. ಆಮೇಲೆ ಎಡಗೈಯಿಂದ ಒಂದು ತುತ್ತು ಮುರಿದು ಬಾಯಿಗಿಟ್ಟ. ಗಂಟಲಿನಲ್ಲಿ ಇಳಿಯಲಿಲ್ಲ. ತಲೆ ತಗ್ಗಿಸಿ, ಹೆಂಡತಿಯ ಎದುರಿಗೇ, ಮೆಲ್ಲಗೆ ಅಗಿಯತೊಡಗಿದ.